ಅರ್ಧ ಹೆಚ್‌ಪಿನಾ, ಒಂದು ಹೆಚ್‌ಪಿನಾ?

ಹೋದ ತಿಂಗಳು ನಮ್ಮನೆ ಸಂಪಿನ ಮೋಟ್ರು ಸುಟ್ಟೋಯ್ತು. ಆಗ್ಲೇ ಎರಡು ಸಲ ರಿವೈಂಡಿಂಗ್ ಮಾಡ್ಸಿದ್ವಿ, ಈ ಸಲ ಮೆಕ್ಯಾನಿಕ್ ಬಿಚ್ಚಿ ನೋಡಿ "ಇದಕ್ಕೆ ಇನ್ನು ದುಡ್ಡು ಹಾಕ್ಬೇಡಿ ಸಾರ್" ಅಂದುಬಿಟ್ಟ. ಸರಿ ಹೊಸದು ತರೋಣ ಅಂತ ಹೊರಟ್ರೆ ನಮ್ಮಪ್ಪಂದು ಒಂದೇ ಹಟ, ಮತ್ತೆ ಅರ್ಧ ಹೆಚ್‌ಪಿದೇ (ಹಾರ್ಸ್ ಪವರ್, ಮೋಟ್ರಿನ ಜೋರಿನ ಅಳತೆ) ತಗೋ, ಒಂದು ಹೆಚ್‌ಪಿ ತಂದ್ರೆ ಕರೆಂಟು ಡಬಲ್ ಎಳೆಯುತ್ತೆ ಅಂತ. ಗೃಹಜ್ಯೋತಿ ಬಂದಾಗಿಂದ ಅವರಿಗೆ ಮೀಟರ್ ಕಾಯೋದೇ ಒಂದು ಉದ್ಯೋಗ ಆಗೋಗಿದೆ, ಬೆಳಗ್ಗೆ ಪೇಪರ್ ಓದೋಕೆ ಮುಂಚೆ ಮೀಟರ್ ಓದ್ತಾರೆ, ಎಲ್ಲಿ ನಮ್ಮ ಲಿಮಿಟ್ ದಾಟಿ ದುಡ್ಡು ಕಟ್ಟೋ ಹಾಗಾಗುತ್ತೋ ಅಂತ.

"ಅಪ್ಪಾ, ಅರ್ಧ ಹೆಚ್‌ಪಿ ಆದ್ರೆ ಟ್ಯಾಂಕು ತುಂಬೋಕೆ ಡಬಲ್ ಟೈಮ್ ಓಡುತ್ತಲ್ಲ, ಯೂನಿಟ್ಟು ಅಲ್ಲಿಗಲ್ಲಿಗೇ ಬರುತ್ತೆ" ಅಂದೆ. "ದೊಡ್ಡ ಮೋಟ್ರು ಜಾಸ್ತಿ ಎಳೆಯುತ್ತೋ ಇಲ್ವೋ, ಅಷ್ಟು ಹೇಳು" ಅಂದ್ರು. ಎಳೆಯುತ್ತೆ. ಅವರ ಮಾತೂ ನಿಜ, ನನ್ನ ಮಾತೂ ನಿಜ, ಅದಕ್ಕೇ ಜಗಳ ಮುಗೀಲಿಲ್ಲ.

ಆಮೇಲೆ ಕೂತು ಯೋಚಿಸಿದಾಗ ಅನ್ನಿಸ್ತು, ಅರ್ಧ ತಪ್ಪು ನಮ್ಮ ಮಾತಿಂದೇ. ಸ್ಕೂಲಲ್ಲಿ ಮೇಷ್ಟ್ರು ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ ಅಂತ ಹೇಳ್ಕೊಟ್ರು. ಅದೇ ಹಾರ್ಸ್ ಪವರ್ ಬಂದಾಗ ಏನಂತೀವಿ, ಅಶ್ವಶಕ್ತಿ! ಅಶ್ವಸಾಮರ್ಥ್ಯ ಅಂತ ಯಾರಾದ್ರೂ ಅಂದಿದ್ದು ನಾನಂತೂ ಕೇಳಿಲ್ಲ. ಕರೆಂಟು ಹೋದ್ರೆ ಪವರ್ ಹೋಯ್ತು ಅಂತೀವಿ, ಸುಸ್ತಾದ್ರೆ ಮೈಯಲ್ಲಿ ಶಕ್ತಿ ಇಲ್ಲ ಅಂತೀವಿ, ಎಲ್ಲಾ ಒಂದೇ ಚೀಲಕ್ಕೆ ತುಂಬಿಬಿಟ್ಟಿದೀವಿ. ಮೀಟರ್‌ಗೆ ಮಾತ್ರ ಈ ಗೊಂದಲ ಇಲ್ಲ. ಅದು ಎಣಿಸೋ ಒಂದು ಯೂನಿಟ್ ಅಂದ್ರೆ ಒಂದು ಸಾವಿರ ವ್ಯಾಟಿನ ಸಾಮಾನು ಒಂದು ಗಂಟೆ ಓಡಿದಾಗ ತಿನ್ನೋ ಶಕ್ತಿ, ಜೂಲ್ (ಶಕ್ತಿ, ಕೆಲಸ ಎರಡನ್ನೂ ಅಳೆಯೋ ಮಾನ) ಲೆಕ್ಕದಲ್ಲಿ 36 ಲಕ್ಷ. ಎಷ್ಟು ಜೋರಾಗಿ ತಿಂದೆ ಅನ್ನೋದು ಸಾಮರ್ಥ್ಯ, ಒಟ್ಟು ಎಷ್ಟು ತಿಂದೆ ಅನ್ನೋದು ಶಕ್ತಿ. (ಸಾಮರ್ಥ್ಯಕ್ಕೂ ಬಿಲ್ಲಲ್ಲಿ ಒಂದು ಜಾಗ ಇದೆ, ಮಂಜೂರಾದ ಲೋಡು ಇಷ್ಟು ಕಿಲೋವ್ಯಾಟ್ ಅಂತ ಹಾಕೋ ನಿಗದಿತ ಶುಲ್ಕ, ಆದ್ರೆ ಸಂಪಿನ ಮೋಟ್ರಿಗೆ ಯಾರೂ ಹೋಗಿ ಲೋಡ್ ಬದಲಾಯಿಸಲ್ಲ.)

ಇದೇ ಗಲಾಟೆ ನಡುವೆ ಒಂಬತ್ತನೇ ಕ್ಲಾಸ್ ಓದ್ತಿರೋ ಅಕ್ಕನ ಮಗ ಬಂದಿದ್ದ. ಅವನದ್ದು ಬೇರೆ ತಕರಾರು. "ಮಾಮ, ಸಿಲಿಂಡರ್ ಹಿಡ್ಕೊಂಡು ಸುಮ್ನೆ ನಿಂತ್ರೆ ಕೆಲಸ ಸೊನ್ನೆ ಅಂತೆ, ನಮ್ಮ ಮಿಸ್ಸು ಹೇಳಿದ್ರು, ಅವರು ಒಂದ್ಸಲ ಹಿಡ್ಕೊಂಡು ನಿಲ್ಲಲಿ ನೋಡೋಣ!" ಅವನ ಕೋಪ ನ್ಯಾಯವಾದದ್ದೇ. ತುಂಬಿದ ಸಿಲಿಂಡರ್ ಹತ್ರ ಹತ್ರ 30 ಕೆಜಿ ಇರುತ್ತೆ. ಆದ್ರೆ ಭೌತಶಾಸ್ತ್ರಕ್ಕೆ ಬೆವರಿನ ಲೆಕ್ಕ ಬೇಡ, ಬಲ ಹಾಕಿದ ದಿಕ್ಕಲ್ಲಿ ವಸ್ತು ಎಷ್ಟು ದೂರ ಹೋಯ್ತು ಅಷ್ಟೇ ಬೇಕು. ಒಂದು ಮೀಟರ್ ಮೇಲೆತ್ತಿದ್ರೆ ಸುಮಾರು 294 ಜೂಲ್ ಕೆಲಸ, ಎತ್ತಿ ಹಿಡ್ಕೊಂಡು ಗಂಟೆಗಟ್ಲೆ ನಿಂತ್ರೂ ಅದರ ಮೇಲೆ ಒಂದು ಜೂಲೂ ಸೇರಲ್ಲ. ಮೇಜಿನ ಮೇಲೆ ಸಿಲಿಂಡರ್ ಇಟ್ರೆ ಮೇಜು ಊಟ ಕೇಳುತ್ತಾ? ಇಲ್ಲ. ನಮಗೆ ಯಾಕೆ ಸುಸ್ತಾಗುತ್ತೆ ಅಂದ್ರೆ ನಮ್ಮ ಮಾಂಸಖಂಡ ಮೇಜಿನ ಕಾಲಿನ ಥರ ಬೀಗ ಹಾಕ್ಕೊಂಡು ನಿಲ್ಲಲ್ಲ, ಒಳಗಡೆ ಎಳೆಗಳು ಎಳ್ಕೊಳ್ತಾ ಬಿಡ್ತಾ ಇರ್ತವೆ, ಅದಕ್ಕೆ ತಿಂದಿದ್ದು ಖರ್ಚಾಗಿ ಬರೀ ಶಾಖ ಆಗಿ ಹೋಗುತ್ತೆ. ಖರ್ಚಾಗಿದ್ದು ನಿಜ, ಸಿಲಿಂಡರ್‌ಗೆ ಸೇರಿದ್ದು ಸೊನ್ನೆ. ಅವನಿಗೆ ಇದು ಪೂರ್ತಿ ಒಪ್ಪಿಗೆ ಆಗ್ಲಿಲ್ಲ, "ಹೆಸರು ಬೇರೆ ಇಡ್ಬೇಕಿತ್ತು, ಕೆಲಸ ಅಂತ ಯಾಕಿಟ್ರು" ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಭಾನುವಾರ ಇಬ್ರೂ ಚಾಮುಂಡಿ ಬೆಟ್ಟ ಹತ್ತೋಕೆ ಹೋದ್ವಿ. ಸಾವಿರ ಮೆಟ್ಟಿಲು ಅಂತಾರಲ್ಲ, ಒಂದೊಂದು ಮೆಟ್ಟಿಲು ಅರ್ಧ ಅಡಿ ಅಂತ ಇಟ್ಕೊಂಡ್ರೂ 150 ಮೀಟರ್ ಮೇಲೆ ಹೋದ ಹಾಗೆ. ನಡುವೆ ಸಮ ಇರೋ ಜಾಗ ಎಲ್ಲಾ ಲೆಕ್ಕಕ್ಕೆ ಬರಲ್ಲ, ಎತ್ತರ ಅಷ್ಟೇ. ನನ್ನ ತೂಕ 68 ಕೆಜಿ, ಅದನ್ನ 9.8 ರಿಂದ (ಭೂಮಿ ಸೆಳೆತದ ಲೆಕ್ಕ) ಗುಣಿಸಿ 150 ರಿಂದ ಗುಣಿಸಿದ್ರೆ ಹೆಚ್ಚುಕಮ್ಮಿ ಒಂದು ಲಕ್ಷ ಜೂಲ್ ಬರುತ್ತೆ. ನಂದಿ ಹತ್ರ ಕೂತು ಮೊಬೈಲಲ್ಲಿ ಈ ಲೆಕ್ಕ ಮಾಡ್ದಾಗ ನಂಗೆ ನಗು ಬಂತು, ಯಾಕಂದ್ರೆ ನಮ್ಮನೆ ಸಾವಿರ ಲೀಟರ್ ಟ್ಯಾಂಕು ಸಂಪಿಂದ ಸುಮಾರು 10 ಮೀಟರ್ ಮೇಲಿದೆ, ಅದನ್ನ ತುಂಬ್ಸೋಕೆ ಬೇಕಾಗಿರೋದು 98,000 ಜೂಲ್. ಅಂದ್ರೆ ನಾನು ಒಂದ್ಸಲ ಬೆಟ್ಟ ಹತ್ತೋದೂ ಒಂದೇ, ಒಂದು ಟ್ಯಾಂಕು ನೀರು ಮೇಲಕ್ಕೆ ಹೋಗೋದೂ ಒಂದೇ!

ನಾನು ಅಲ್ಲಲ್ಲಿ ನಿಂತು ನೀರು ಕುಡ್ದು 32 ನಿಮಿಷ ತಗೊಂಡೆ, ಭಾಗಿಸಿದ್ರೆ ಸೆಕೆಂಡಿಗೆ 52 ಜೂಲ್, ಅಂದ್ರೆ 52 ವ್ಯಾಟ್. ಮನೇಲಿರೋ ಹಳೇ ಸೀಲಿಂಗ್ ಫ್ಯಾನು 75 ವ್ಯಾಟ್. ಫ್ಯಾನಿಗೂ ಸಮ ಇಲ್ಲ ನಾನು. ಆ ಹುಡುಗ 50 ಕೆಜಿ ಇದಾನೆ, 14 ನಿಮಿಷಕ್ಕೆ ಹತ್ತಿ ಮೇಲೆ ಕಾಯ್ತಾ ಕೂತಿದ್ದ, ಅವನು ಮಾಡಿದ ಕೆಲಸ ನನಗಿಂತ ಕಮ್ಮಿ, 73,500 ಜೂಲ್, ಆದ್ರೆ ಸಾಮರ್ಥ್ಯ 87 ವ್ಯಾಟ್ ದಾಟುತ್ತೆ. ಇದನ್ನ ಹೇಳಿದ್ದೇ ತಪ್ಪಾಯ್ತು, ಇಡೀ ದಾರಿ "ಫ್ಯಾನ್ ಮಾಮ" ಅಂತ ಕರ್ದ.

ಹೆಚ್‌ಪಿ ಕಥೆನೂ ಇದೇ. ಜೇಮ್ಸ್ ವ್ಯಾಟ್ ತನ್ನ ಸ್ಟೀಮ್ ಇಂಜಿನ್ನು ಮಾರ್ಬೇಕಿದ್ದಿದ್ದು ಕುದುರೆ ಕಟ್ಟಿ ಯಂತ್ರ ತಿರುಗಿಸ್ತಿದ್ದ ಜನಕ್ಕೆ, ಅವರಿಗೆ ಅರ್ಥ ಆಗೋ ಭಾಷೇಲಿ ಹೇಳ್ಬೇಕಲ್ಲ, ಅದಕ್ಕೆ ಒಂದು ಕುದುರೆ ಅಂದ್ರೆ ನಿಮಿಷಕ್ಕೆ 33,000 ಪೌಂಡ್ ತೂಕನ ಒಂದು ಅಡಿ ಮೇಲೆತ್ತೋದು ಅಂತ ನಿಗದಿ ಮಾಡ್ದ. ಇವತ್ತಿನ ಲೆಕ್ಕದಲ್ಲಿ 746 ವ್ಯಾಟ್. ದಿನವಿಡೀ ಅಷ್ಟು ಎಳೆಯೋ ಕುದುರೆ ಸಿಗೋದು ಕಷ್ಟ, ಸ್ವಲ್ಪ ಧಾರಾಳವಾಗೇ ಇಟ್ಟಿದ್ದಾನೆ. ಮೋಟ್ರಿನ ಮೇಲೆ ಬರೆದಿರೋ ಹೆಚ್‌ಪಿ ಅದು ಹೊರಗೆ ಕೊಡೋದು, ಒಳಗೆ ಎಳೆಯೋದು ಅದಕ್ಕಿಂತ ಜಾಸ್ತಿ, ಒಂದು ಹೆಚ್‌ಪಿದು ಸಾವಿರ ವ್ಯಾಟ್ ದಾಟುತ್ತೆ.

ಕೊನೆಗೆ ಅಪ್ಪನ್ನ ಒಪ್ಪಿಸಿ ಒಂದು ಹೆಚ್‌ಪಿದೇ ತಂದ್ವಿ. ಅವರು ಬಿಡ್ತಾರಾ, ವಾಚ್ ಹಿಡ್ಕೊಂಡು ನಿಂತ್ರು. 18 ನಿಮಿಷಕ್ಕೆ ಟ್ಯಾಂಕು ತುಂಬ್ತು, ಹಳೇದು ಮುಕ್ಕಾಲು ಗಂಟೆ ಹತ್ರ ತಗೊಳ್ತಿತ್ತು. ಮೂರು ಸಲ ತುಂಬಿಸಿದ್ಮೇಲೆ ಮೀಟರಲ್ಲಿ ಹೆಚ್ಚುಕಮ್ಮಿ ಒಂದು ಯೂನಿಟ್ ಓಡಿತ್ತು. ಅಂದ್ರೆ ಒಂದು ಟ್ಯಾಂಕಿಗೆ 12 ಲಕ್ಷ ಜೂಲ್, ನೀರಿಗೆ ಬೇಕಾಗಿದ್ದು ಬರೀ ಒಂದು ಲಕ್ಷ. ಮಿಕ್ಕಿದ್ದು ಮೋಟ್ರಿನ ಬಿಸಿ, ಪಂಪಿನೊಳಗೆ ನೀರು ಸುಮ್ನೆ ಸುತ್ತೋದು, ಪೈಪಿನ ಉಜ್ಜಾಟ, ನಮ್ಮ ಪ್ಲಂಬರ್ ಮನಸೋ ಇಚ್ಛೆ ಹಾಕಿರೋ ಎಲ್ಬೋಗಳು. ನನ್ನ ದೇಹ ಇದಕ್ಕಿಂತ ವಾಸಿ, ನಾಲ್ಕೈದು ಪಾಲು ಖರ್ಚು ಮಾಡಿ ಒಂದು ಪಾಲು ಕೆಲಸ ಕೊಡುತ್ತೆ, ಬೆಟ್ಟ ಹತ್ತಿದ್ದಕ್ಕೆ ಸುಮಾರು ನೂರಿಪ್ಪತ್ತು ಕ್ಯಾಲೊರಿ ಹೋಗಿರ್ಬೋದು, ಎರಡು ಸಣ್ಣ ಇಡ್ಲಿ. ಇಳಿದು ಬಂದು ಮಸಾಲೆ ದೋಸೆ ತಿಂದಿದ್ದನ್ನ ಇಲ್ಲಿ ಬರೆಯಲ್ಲ.

ನಿಜವಾಗ್ಲೂ ನನ್ನ ತಲೆ ತಿರುಗಿಸಿದ್ದು ಮಾರನೇ ದಿನ ಬೆಳಗ್ಗೆ, ಸ್ನಾನಕ್ಕೆ ಹೋದಾಗ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿ ಆಗೋಕೆ 4,184 ಜೂಲ್ ಬೇಕು. 24 ಡಿಗ್ರಿ ಏರಿಸಿದ್ರೆ? ಒಂದು ಲಕ್ಷ! ಒಂದು ದೊಡ್ಡ ಚೊಂಬು ಬಿಸಿನೀರು ತಲೆ ಮೇಲೆ ಸುರ್ಕೊಂಡ್ರೆ ಒಂದು ಚಾಮುಂಡಿ ಬೆಟ್ಟ ಸುರ್ಕೊಂಡ ಹಾಗೆ. ಎತ್ತೋದು ಇಷ್ಟು ಅಗ್ಗ, ಕಾಯಿಸೋದು ಇಷ್ಟು ದುಬಾರಿ ಅಂತ ನಂಗೆ ಇಷ್ಟು ವರ್ಷ ಹೊಳೆದೇ ಇರ್ಲಿಲ್ಲ.

ಎಷ್ಟು ಕೆಲಸಕ್ಕೆ ಎಷ್ಟು ಶಾಖ ಅನ್ನೋದನ್ನ ಮೊದಲು ಗಟ್ಟಿಯಾಗಿ ಅಳೆದವರಲ್ಲಿ ಜೇಮ್ಸ್ ಜೂಲ್ ಒಬ್ಬ, ಮ್ಯಾಂಚೆಸ್ಟರ್ ಕಡೆಯ ಬಿಯರ್ ಮಾಡೋರ ಮನೆ ಹುಡುಗ. 1840ರ ದಶಕದಲ್ಲಿ ತೂಕದ ಗುಂಡುಗಳನ್ನ ಕೆಳಗೆ ಬಿಟ್ಟು, ಅವು ಇಳಿಯೋ ಜೋರಿಗೆ ನೀರಿನೊಳಗೆ ರೆಕ್ಕೆ ತಿರುಗಿಸಿ, ನೀರು ಎಷ್ಟು ಬಿಸಿ ಆಯ್ತು ಅಂತ ಥರ್ಮಾಮೀಟರ್ ಇಟ್ಟು ನೋಡ್ದ. ಒಂದು ಡಿಗ್ರಿಗೂ ಎಷ್ಟೋ ಸಲ ಗುಂಡು ಮೇಲೆತ್ತಿ ಬಿಡ್ಬೇಕು, ಎಂಥಾ ತಾಳ್ಮೆ ಮಾರಾಯ. ನಯಾಗರ ನೀರು ಕೆಳಗೆ ಬಿದ್ದಾಗ ಫ್ಯಾರನ್‌ಹೀಟಲ್ಲಿ ಒಂದು ಡಿಗ್ರಿಯ ಐದನೇ ಒಂದು ಭಾಗ ಬಿಸಿ ಆಗಿರ್ಬೇಕು ಅಂತಾನೂ 1845ರಲ್ಲಿ ಲೆಕ್ಕ ಹಾಕಿದ್ದ. ಅದನ್ನೇ ನಮ್ಮ ಜೋಗಕ್ಕೆ ಹಾಕಿ ನೋಡ್ದೆ, 253 ಮೀಟರ್ ಬಿದ್ರೆ ಸೆಲ್ಸಿಯಸ್ಸಲ್ಲಿ 0.6 ಡಿಗ್ರಿ ಹತ್ರ ಬರುತ್ತೆ. ಅಷ್ಟು ಭೋರ್ಗರೆತ, ಕೆಳಗೆ ಬೀಳೋ ಹೊತ್ತಿಗೆ ಅರ್ಧ ಡಿಗ್ರಿ ಚಿಲ್ಲರೆ! ಹನಿ ಹನಿಯಾಗಿ ಆವಿ ಆಗಿ ತಣ್ಣಗಾಗೋದ್ರಲ್ಲಿ ಅದೂ ಕೈಗೆ ಸಿಗಲ್ಲ. ಅದಕ್ಕೇ ಬೀಳೋ ನೀರಿನ ಶಕ್ತಿ ಬಿಸಿಯಾಗಿ ಹಾಳಾಗೋ ಮುಂಚೆ ಟರ್ಬೈನಿಗೆ ಕೊಟ್ಬಿಡಬೇಕು, 1902ರಲ್ಲಿ ಶಿವನಸಮುದ್ರದಲ್ಲಿ ಅದೇ ಮಾಡಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ರು.

ನಮ್ಮನೆ ಗೀಸರ್ 15 ಲೀಟರಿಂದು, 2,000 ವ್ಯಾಟ್. 30 ಡಿಗ್ರಿ ಏರಿಸೋಕೆ ಹತ್ತೊಂಬತ್ತು ಲಕ್ಷ ಜೂಲ್ ಹತ್ರ, ಅರ್ಧ ಯೂನಿಟ್‌ಗೆ ಸ್ವಲ್ಪ ಮೇಲೆ. ಒಬ್ಬರ ಸ್ನಾನಕ್ಕೆ ಹೋಗೋ ಕರೆಂಟಲ್ಲಿ ಇಡೀ ಮನೆ ಟ್ಯಾಂಕು ಒಂದೂವರೆ ಸಲ ತುಂಬುತ್ತೆ. ಕಾಫಿ ಕುಡೀತಾ ಇದನ್ನ ಅಪ್ಪಂಗೆ ಬಿಡಿಸಿ ಬಿಡಿಸಿ ಹೇಳ್ದೆ, ನೀವು ಮೋಟ್ರು ಮೇಲೆ ಕಣ್ಣಿಟ್ಟಿದ್ದು ದಂಡ ಅಂತ. ತುಂಬಾ ಗಮನ ಕೊಟ್ಟು ಕೇಳಿಸ್ಕೊಂಡ್ರು, ಪ್ರಶ್ನೆ ಕೂಡ ಕೇಳಿದ್ರು, ನಂಗೆ ಖುಷಿ ಆಯ್ತು.

ಗೀಸರ್ ಸ್ವಿಚ್ಚು ಬಚ್ಚಲುಮನೆ ಹೊರಗಡೆ ಇದೆ. ಇವತ್ತು ಸೋಪು ಹಚ್ಕೊಂಡು ಚೊಂಬು ಎತ್ತೋ ಹೊತ್ತಿಗೆ ಹೊರಗಿಂದ ಟಕ್ ಅಂತ ಶಬ್ದ ಬಂತು, "ಎಂಟು ನಿಮಿಷ ಆಯ್ತು ಕಣೋ" ಅಂತ.