ಗೌಟ್ ಬಂದ ಮನೆಯಲ್ಲಿ ಬೇಳೆಯ ಮೇಲೇಕೆ ಕೋಪ?

ನಮ್ಮ ಗಂಗಾವತಿ ಕಡೆ ಯಾರಿಗಾದರೂ ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಬಾತು, ಹೊದಿಕೆ ತಾಕಿದರೂ ಜೀವ ಹೋದಂತಾಗಿ, ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಹೆಚ್ಚಿದೆಯೆಂದು ತಿಳಿದರೆ, ಮಾತ್ರೆಗಳು ಮನೆ ಸೇರುವ ಮೊದಲೇ ಬಂಧುಬಳಗದ ಪಥ್ಯ ಬಂದು ಸೇರಿರುತ್ತದೆ. ಬೇಳೆ ಬಿಡಿ, ಕಾಳು ಬಿಡಿ, ಪಾಲಕ್ ಮುಟ್ಟಬೇಡಿ, ಬದನೆಕಾಯಿ ನಂಜು, ಪುಂಡಿಪಲ್ಯ ಹುಳಿ. ನಮ್ಮ ಮನೆಯವರಿಗೆ ಗೌಟ್ ಎಂಬ ಈ ಕೀಲುಬೇನೆ ಇದೆಯೆಂದು ಗೊತ್ತಾದಾಗ ಸೋದರತ್ತೆಯೊಬ್ಬರು ನನಗೆ ಹೇಳಿದ್ದೂ ಇದನ್ನೇ: "ಬ್ಯಾಳಿ ಬಂದ್ ಮಾಡವಾ ಮದಲ, ಬಾವು ತಾನಾ ಇಳಿತೈತಿ." ಜೋಳದ ರೊಟ್ಟಿ ತಿನ್ನುವ ಮನೆಯಲ್ಲಿ ಇಷ್ಟನ್ನೂ ತೆಗೆದುಹಾಕಿದರೆ ರೊಟ್ಟಿಯ ಜೊತೆಗೆ ಉಳಿಯುವುದು ಶೇಂಗಾ ಹಿಂಡಿ ಮಾತ್ರ. ಅಡುಗೆ ಮಾಡುವವಳಾಗಿ ಈ ಪಥ್ಯವನ್ನು ನಾನು ಒಪ್ಪಲಿಲ್ಲ, ಒಪ್ಪದಿರಲು ಕಾರಣಗಳಿವೆ.

ಯೂರಿಕ್ ಆಮ್ಲವು ಪ್ಯೂರಿನ್ ಎಂಬ ಅಂಶ ಒಡೆದು ಉಂಟಾಗುವ ವಸ್ತು. ಅದರಲ್ಲಿ ಸುಮಾರು ಮೂರನೇ ಎರಡು ಭಾಗ ನಮ್ಮ ದೇಹದೊಳಗೇ, ಜೀವಕೋಶಗಳು ಹುಟ್ಟಿ ನಶಿಸುವ ಸಹಜ ಕ್ರಿಯೆಯಲ್ಲಿ ತಯಾರಾಗುತ್ತದೆ. ಆಹಾರದಿಂದ ಬರುವುದು ಉಳಿದ ಪಾಲು ಮಾತ್ರ. ಅದನ್ನು ಹೊರಹಾಕುವ ಕೆಲಸ ಬಹುಮಟ್ಟಿಗೆ ಮೂತ್ರಪಿಂಡಗಳದ್ದು, ಮತ್ತು ಗೌಟ್ ಬರುವ ಬಹುತೇಕರಲ್ಲಿ ತೊಂದರೆಯಿರುವುದು ಈ ಹೊರಹಾಕುವ ಕೆಲಸದಲ್ಲಿಯೇ. ಒಂದು ಡೆಸಿಲೀಟರ್ ರಕ್ತದಲ್ಲಿ ಅದರ ಪ್ರಮಾಣ 6.8 ಮಿಲಿಗ್ರಾಂ ದಾಟಿದ ಮೇಲೆ ಕರಗಿ ಉಳಿಯಲಾರದೆ ಸೂಜಿಯಾಕಾರದ ಹರಳುಗಳಾಗಿ ಕೀಲುಗಳಲ್ಲಿ ಕೂರತೊಡಗುತ್ತದೆ. ತಂಪಿನಲ್ಲಿ ಹರಳು ಸುಲಭವಾಗಿ ಕಟ್ಟುತ್ತದೆ, ದೇಹದ ಉಳಿದ ಭಾಗಕ್ಕಿಂತ ತಂಪಾಗಿರುವ ಕಾಲ್ಬೆರಳಿಗೆ ಮೊದಲ ಪೆಟ್ಟು ಬೀಳುವುದಕ್ಕೆ ಇದೂ ಒಂದು ಕಾರಣ.

ಬೇಳೆಯಲ್ಲಿ ಪ್ಯೂರಿನ್ ಇರುವುದು ನಿಜ, ಆದ್ದರಿಂದಲೇ ಅದು ಹಳೆಯ ಪಥ್ಯದ ಪಟ್ಟಿಗಳಲ್ಲಿ ಸೇರಿಕೊಂಡಿತು. ಆದರೆ ಪಟ್ಟಿಯಲ್ಲಿರುವುದು ಬೇರೆ, ಜನರ ಮೈಯಲ್ಲಿ ಆಗುವುದು ಬೇರೆ. ಹಾರ್ವರ್ಡ್‌ನ ಸಂಶೋಧಕರು 47,150 ಪುರುಷರನ್ನು 12 ವರ್ಷಗಳ ಕಾಲ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಅವಧಿಯಲ್ಲಿ ಗೌಟ್ ಬಂದ 730 ಮಂದಿಯ ಊಟವನ್ನು ಉಳಿದವರ ಊಟದೊಂದಿಗೆ ಹೋಲಿಸಿದಾಗ, ಮಾಂಸ ಮತ್ತು ಮೀನು-ಸಿಗಡಿ ಹೆಚ್ಚು ತಿನ್ನುವವರಲ್ಲಿ ಅಪಾಯ ಹೆಚ್ಚಿತ್ತು, ಹಾಲು-ಮೊಸರು ಹೆಚ್ಚು ಬಳಸುವವರಲ್ಲಿ ಕಡಿಮೆಯಿತ್ತು, ಪ್ಯೂರಿನ್ ಹೆಚ್ಚಿರುವ ಕಾಳು ಮತ್ತು ಸೊಪ್ಪುಗಳಿಂದ ಅಪಾಯ ಏರಿದ್ದು ಕಾಣಲಿಲ್ಲ. ಅದು ಗೌಟ್ ಇಲ್ಲದವರ ಮಾತಾಯಿತು, ಬಂದವರ ಗತಿಯೇನು ಎಂದು ಕೇಳಬಹುದು. ಗೌಟ್ ಇರುವವರಲ್ಲೇ ನಡೆಸಿದ 2012ರ ಇನ್ನೊಂದು ಅಧ್ಯಯನದಲ್ಲಿಯೂ ನೋವು ಮರುಕಳಿಸುವುದಕ್ಕೆ ಪ್ರಾಣಿಮೂಲದ ಪ್ಯೂರಿನ್ ಕಾರಣವಾಗುವಷ್ಟು ಸಸ್ಯಮೂಲದ್ದು ಆಗುವುದಿಲ್ಲವೆಂದು ಕಂಡುಬಂದಿತು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಪ್ರೋಟೀನಿನ ಮಿತಿ ಬೇರೆಯೇ ಇರುತ್ತದೆ, ಅದನ್ನು ವೈದ್ಯರೇ ಹೇಳಬೇಕು. ಉಳಿದವರಿಗೆ ತೊಗರಿ, ಹೆಸರು, ಮಡಕೆ, ಅಲಸಂದಿ ಯಾವುದನ್ನೂ ಬಿಡುವ ಅಗತ್ಯವಿಲ್ಲ.

ಬದನೆಕಾಯಿಯ ಮೇಲಿನ ಆರೋಪಕ್ಕೆ ಅಷ್ಟೂ ಆಧಾರವಿಲ್ಲ. ಅದರಲ್ಲಿ ಪ್ಯೂರಿನ್ ಕಡಿಮೆ. ಎಣಗಾಯಿ ಮಾಡುವಾಗ ನಾನು ಹಿಡಿತ ಮಾಡುವುದು ಎಣ್ಣೆಯಲ್ಲಿ ಮಾತ್ರ. ಹುಳಿ ತಿಂದರೆ ರಕ್ತದಲ್ಲಿ ಆಮ್ಲ ಏರುತ್ತದೆಂಬ ನಂಬಿಕೆಯೂ ಹೀಗೆಯೇ. ಪುಂಡಿಸೊಪ್ಪಿನ ಹುಳಿಗೂ ಯೂರಿಕ್ ಆಮ್ಲಕ್ಕೂ ನಂಟಿಲ್ಲ. ಟೊಮ್ಯಾಟೊ ತಿಂದಾಗ ನೋವು ಕೆರಳುತ್ತದೆಂದು ಕೆಲವರು ಹೇಳುವುದುಂಟು, ಅಂಥವರು ಬಿಡಲಿ, ಎಲ್ಲರೂ ಬಿಡಬೇಕೆಂದಿಲ್ಲ.

ಹಾಗಾದರೆ ನಿಜವಾಗಿ ಕೈ ಹಿಡಿಯಬೇಕಾದದ್ದು ಎಲ್ಲಿ? ಮಾಂಸ ತಿನ್ನುವ ಮನೆಗಳಲ್ಲಿ ಮೊದಲು ಬೋಟಿ, ಲಿವರ್, ಗುಂಡಿಗೆ, ಮೆದುಳು ಮುಂತಾದ ಒಳ ಅಂಗಾಂಗಗಳಲ್ಲಿ. ನಮ್ಮಲ್ಲಿ ದ್ಯಾಮವ್ವನ ಜಾತ್ರೆಗೆ ಕುರಿ ಕಡಿದಾಗ ಮನೆಯ ಹಿರಿಯ ಗಂಡಸಿಗೆ ಲಿವರ್ ತುಂಡುಗಳನ್ನು ಆರಿಸಿ ಬಡಿಸುವುದು ಮರ್ಯಾದೆ. ಗೌಟ್ ಇರುವವರಿಗೆ ಅದು ಬೇಡದ ಮರ್ಯಾದೆ. ಸಿಗಡಿ ಮತ್ತು ಒಣಮೀನೂ ಅದೇ ಸಾಲಿನವು. ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದು ಒಲೆಯ ಮುಂದೆ ನಿಂತವರಿಗೆ ಗೊತ್ತಿರಬೇಕು: ಮಾಂಸವನ್ನು ಕುದಿಸಿದಾಗ ಅದರ ಪ್ಯೂರಿನ್‌ನ ಒಂದಷ್ಟು ಪಾಲು ನೀರಿಗೆ ಇಳಿಯುತ್ತದೆ. ನಾವೋ ತುಂಡು ಬೇಡವೆನ್ನುವವರಿಗೆ "ಹಾಗಾದರೆ ಶೇರ್ವಾ ಕುಡಿಯಿರಿ, ಮೈಗೆ ಹಗುರ" ಎಂದು ಬಟ್ಟಲು ತುಂಬಿಸಿ ಕೊಡುತ್ತೇವೆ. ಮೂಳೆ ನೋವಿಗೆ ಕಾಲು ಸೂಪ್ ಒಳ್ಳೆಯದೆಂದು ಗಂಟೆಗಟ್ಟಲೆ ಕುದಿಸುತ್ತೇವೆ. ಗೌಟಿನ ಮಟ್ಟಿಗೆ ಈ ಉಪಚಾರ ತಲೆಕೆಳಗು. ಈಗ ನಮ್ಮಲ್ಲಿ ಮಟನ್ ಮಾಡಿದ ದಿನ ನಮ್ಮ ಮನೆಯವರ ಪಾಲಿನ ತುಂಡುಗಳನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆಂದ ನೀರನ್ನು ಚೆಲ್ಲಿ, ಈರುಳ್ಳಿ-ಕೊಬ್ಬರಿ ಮಸಾಲೆಯಲ್ಲಿ ಒಣಗಿನಂತೆ ಹುರಿಯುತ್ತೇನೆ. ರುಚಿ ಸ್ವಲ್ಪ ಇಳಿಯುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ, ಆದರೆ ಬಿಸಿ ರೊಟ್ಟಿಯ ಜೊತೆಗೆ ಯಾರೂ ತಟ್ಟೆ ಸರಿಸಿಲ್ಲ.

ಮದ್ಯದ ವಿಷಯ ಎಲ್ಲರಿಗೂ ಗೊತ್ತಿರುವುದೇ: ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು, ಬ್ರಾಂದಿ-ವಿಸ್ಕಿಯೂ ಒಳ್ಳೆಯವಲ್ಲ.

ಯಾರ ಪಥ್ಯದ ಪಟ್ಟಿಯಲ್ಲಿಯೂ ಇಲ್ಲದ ದೊಡ್ಡ ಕಳ್ಳ ಸಿಹಿ. ಸಕ್ಕರೆಯ ಅರ್ಧ ಭಾಗವಾಗಿರುವ ಫ್ರಕ್ಟೋಸ್ ಯಕೃತ್ತಿನಲ್ಲಿ ಕರಗುವಾಗ ನೇರವಾಗಿ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಬೇರೆ ಯಾವ ಸಕ್ಕರೆ ಅಂಶಕ್ಕೂ ಈ ಗುಣವಿಲ್ಲ. ಬಾಟಲಿಯ ತಂಪು ಪಾನೀಯ, ಕಬ್ಬಿನ ಹಾಲು, ಸಕ್ಕರೆ ಸುರಿದ ಹಣ್ಣಿನ ರಸ ಇವೆಲ್ಲ ಈ ಲೆಕ್ಕಕ್ಕೆ ಬರುತ್ತವೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಪಾರಾದೆವೆಂದು ತಿಳಿಯುವವರು ನಮ್ಮ ಬಳಗದಲ್ಲಿ ಬಹಳ. ಬೆಲ್ಲದ ಬಹುಪಾಲೂ ಅದೇ ಸಕ್ಕರೆ. ಬೇಳೆಗೆ ಹೆದರಿ ಹೋಳಿಗೆ ಬಿಟ್ಟವರೊಬ್ಬರು ಗೋಧಿ-ಬೆಲ್ಲದ ಮಾದಲಿಯನ್ನು ಎರಡೆರಡು ಸಲ ಹಾಕಿಸಿಕೊಳ್ಳುವುದನ್ನು ನೋಡಿದ್ದೇನೆ. ಮಾವಿನ ಕಾಲದಲ್ಲಿ ಕೊಪ್ಪಳದ ಕೇಸರ್ ಹಣ್ಣನ್ನು ಪೂರ್ತಿ ನಿಷೇಧಿಸುವಷ್ಟು ಕಠಿಣ ನಾನಲ್ಲ. ಊಟದ ಜೊತೆಗೆ ಒಂದು ಹಣ್ಣು ಹೋಳು ಮಾಡಿ ಕೊಡುತ್ತೇನೆ, ಸೀಕರಣೆ ಮಾತ್ರ ಮಾಡುವುದಿಲ್ಲ.

ಇನ್ನು ನೀರು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ, ಮತ್ತು ಭತ್ತದ ವ್ಯಾಪಾರದವರು ಲಾರಿ, ಗೋದಾಮು, ಗಿರಣಿ ಎಂದು ಅದೇ ಬಿಸಿಲಿನಲ್ಲಿ ತಿರುಗುತ್ತಾರೆ. ಬೆವರಾಗಿ ನೀರು ಹೋಗಿ, ಮೂತ್ರ ಕಡಿಮೆಯಾದಾಗ ಯೂರಿಕ್ ಆಮ್ಲ ರಕ್ತದಲ್ಲೇ ಉಳಿಯುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ವೈದ್ಯರು ನೀರಿಗೆ ಮಿತಿ ಹಾಕದಿದ್ದರೆ ದಿನಕ್ಕೆ ಎರಡು-ಮೂರು ಲೀಟರ್ ಬೇಕು, ಬೇಸಿಗೆಯಲ್ಲಿ ಅದಕ್ಕಿಂತ ಹೆಚ್ಚೂ ಬೇಕಾಗಬಹುದು. ಇದರ ಜೊತೆಗೆ ನಮ್ಮ ಮಜ್ಜಿಗೆಗೆ ನಾನು ದೊಡ್ಡ ಸ್ಥಾನ ಕೊಡುತ್ತೇನೆ. ಕಡೆದು ಬೆಣ್ಣೆ ತೆಗೆದ ಮೇಲೆ ಅದರಲ್ಲಿ ಕೊಬ್ಬು ಹೆಚ್ಚು ಉಳಿಯುವುದಿಲ್ಲ, ಆದರೆ ಯೂರಿಕ್ ಆಮ್ಲವನ್ನು ಮೂತ್ರದಲ್ಲಿ ಹೊರಹಾಕಲು ನೆರವಾಗುವ ಹಾಲಿನ ಪ್ರೋಟೀನ್ ಉಳಿದಿರುತ್ತದೆ. ಜೀರಿಗೆ, ಕರಿಬೇವು ಕುಟ್ಟಿ ಹಾಕಿ, ರಕ್ತದೊತ್ತಡ ಇರುವವರಿಗೆ ಉಪ್ಪು ಕಡಿಮೆ ಮಾಡಿ, ದೊಡ್ಡ ಬಾಟಲಿಯೊಂದನ್ನು ಬೆಳಗ್ಗೆಯೇ ಕೈಗೆ ಕೊಟ್ಟರೆ ಮಧ್ಯಾಹ್ನದ ತಂಪು ಪಾನೀಯ ತಾನಾಗಿಯೇ ತಪ್ಪುತ್ತದೆ.

ಉಪವಾಸದ ಬಗ್ಗೆಯೂ ಎಚ್ಚರ ಬೇಕು. ಹೊಟ್ಟೆ ಖಾಲಿಯಿಟ್ಟಾಗ ಕೊಬ್ಬು ಕರಗಿ ಉಂಟಾಗುವ ಕೀಟೋನ್‌ಗಳು ಮೂತ್ರಪಿಂಡದಲ್ಲಿ ಯೂರಿಕ್ ಆಮ್ಲದ ದಾರಿಗೆ ಅಡ್ಡ ಬರುತ್ತವೆ. ತೂಕ ಇಳಿಸುವುದು ಗೌಟಿಗೆ ಬಹಳ ಒಳ್ಳೆಯದು, ಆದರೆ ನಿಧಾನವಾಗಿ. ನಿರಾಹಾರದಿಂದ ದಿಢೀರನೆ ಇಳಿಸಹೊರಟರೆ ಅದೇ ನೋವಿಗೆ ನೆಪವಾಗಬಹುದು. ಶಿವರಾತ್ರಿಯಂದು ನಮ್ಮ ಮನೆಯವರು ನೀರು, ಮಜ್ಜಿಗೆ, ಒಂದಿಷ್ಟು ಅವಲಕ್ಕಿ ತೆಗೆದುಕೊಳ್ಳುತ್ತಾರೆ, ಶಿವನೇನೂ ಮುನಿಸಿಕೊಂಡಿಲ್ಲ.

ಇಷ್ಟೆಲ್ಲ ಬರೆದ ಮೇಲೂ ಹೇಳಲೇಬೇಕಾದ ಮಾತೆಂದರೆ, ಊಟದ ಬದಲಾವಣೆಯಿಂದ ರಕ್ತದ ಯೂರಿಕ್ ಆಮ್ಲ ಇಳಿಯುವುದು ಸಾಮಾನ್ಯವಾಗಿ ಡೆಸಿಲೀಟರಿಗೆ 1 ಮಿಲಿಗ್ರಾಂ ಆಸುಪಾಸು. 9 ಇದ್ದವರು ಪಥ್ಯವೊಂದರಿಂದಲೇ ವೈದ್ಯರು ಬಯಸುವ 6ರ ಕೆಳಗೆ ಬರುವುದು ಕಷ್ಟ. ಪದೇ ಪದೇ ನೋವು ಬರುವವರಿಗೆ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್‌ನಂಥ ಮಾತ್ರೆಯನ್ನು ವೈದ್ಯರು ಹೇಳಿದರೆ ಅದನ್ನು ದಿನವೂ ತೆಗೆದುಕೊಳ್ಳಬೇಕು. ಆರಂಭದ ತಿಂಗಳುಗಳಲ್ಲಿ ಹಳೆಯ ಹರಳುಗಳು ಕರಗುವಾಗ ನೋವು ಮತ್ತೆ ಕಾಣಿಸಿದರೂ ತಾವಾಗಿಯೇ ನಿಲ್ಲಿಸಬಾರದು. ಆದರೆ ಮಾತ್ರೆ ಶುರುಮಾಡಿದ ಮೇಲೆ ಮೈಮೇಲೆ ದದ್ದು ಎದ್ದರೆ ಕೂಡಲೇ ವೈದ್ಯರನ್ನು ಕಾಣಬೇಕು. ರಕ್ತದೊತ್ತಡಕ್ಕೆಂದು ಕೊಡುವ ಕೆಲವು ಮೂತ್ರವರ್ಧಕ ಮಾತ್ರೆಗಳು, ಹೃದಯಕ್ಕೆಂದು ಕೊಡುವ ಸಣ್ಣ ಪ್ರಮಾಣದ ಆಸ್ಪಿರಿನ್ ಕೂಡ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಅವನ್ನೂ ಬಿಡಬಾರದು, ಆದರೆ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದೆ ಇಡಬೇಕು. ನೋವಿನ ದಿನವೇ ರಕ್ತ ಕೊಟ್ಟು ವರದಿ ಸರಿಯಿದೆಯೆಂದು ನಿಶ್ಚಿಂತರಾಗುವವರಿದ್ದಾರೆ. ನೋವಿನ ವೇಳೆ ಆ ಪ್ರಮಾಣ ತಾತ್ಕಾಲಿಕವಾಗಿ ಇಳಿದು ತೋರಬಹುದು, ಆದ್ದರಿಂದ ಬಾವು ಪೂರ್ತಿ ಇಳಿದು ಎರಡು ವಾರ ಕಳೆದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು.