ಅಪ್ಪನ ಇನ್ಸುಲಿನ್‌ಗೆ ಒಂದು ಪುಟ್ಟ ಫ್ರಿಜ್

ಅಪ್ಪನಿಗೆ ಯಾತ್ರೆ ಹೋಗಬೇಕು ಅನ್ನಿಸಿದ್ದು ಮೇ ತಿಂಗಳಲ್ಲಿ. ಅದೂ ಕಲಬುರಗಿ ಕಡೆಗೆ. ಮೊದಲು ಸೇಡಂ ಹತ್ತಿರ ಅತ್ತೆಯ ಮನೆಯಲ್ಲಿ ಮದುವೆ, ಆಮೇಲೆ ಗಾಣಗಾಪುರ, ಅಕ್ಕಲಕೋಟ, ತುಳಜಾಪುರ, ಪಂಢರಪುರ. ಆ ಸೀಮೆಯಲ್ಲಿ ಮೇ ಅಂದರೆ 42 ಡಿಗ್ರಿ ಮಾಮೂಲು. "ಬಿಸಲಿಗೆ ಅಂಜಿದ್ರ ನಮ್ಮ ಮಂದಿ ಬದುಕೋದು ಹ್ಯಾಂಗ?" ಅಂತ ಅಪ್ಪ. ಅವರಿಗೇನೋ ಬಿಸಿಲು ಅಭ್ಯಾಸ. ಅವರ ಇನ್ಸುಲಿನ್‌ಗೆ ಅಭ್ಯಾಸ ಇಲ್ಲವಲ್ಲ.

ಅಪ್ಪ ಹಾಕಿಕೊಳ್ಳುವುದು ಪೆನ್ ಇನ್ಸುಲಿನ್, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಔಷಧಿ ಡಬ್ಬಿಯೊಳಗೆ ಮಡಚಿಟ್ಟ ಉದ್ದನೆಯ ಚೀಟಿ ಇರುತ್ತಲ್ಲ, ಅದನ್ನು ಬಿಡಿಸಿಕೊಂಡು ಕೂತು ಓದಿದೆ. ತೆರೆಯದ ಕಾರ್ಟ್ರಿಜ್, ಅಂದರೆ ಪೆನ್ನಿಗೆ ಹಾಕುವ ಇನ್ಸುಲಿನ್ ತುಂಬಿದ ಪುಟ್ಟ ಕೊಳವೆ, 2ರಿಂದ 8 ಡಿಗ್ರಿ ಒಳಗೆ ಇರಬೇಕು. ಹೆಪ್ಪುಗಟ್ಟಲೇಬಾರದು. ಒಮ್ಮೆ ಹೆಪ್ಪುಗಟ್ಟಿತು ಅಂದರೆ, ಕರಗಿದ ಮೇಲೂ ಎಸೆಯಬೇಕೇ ಹೊರತು ಬಳಸುವ ಹಾಗಿಲ್ಲ. ಬಳಕೆಯಲ್ಲಿರುವ ಪೆನ್ನಿಗೆ ಮಾತ್ರ ಫ್ರಿಜ್ ಬೇಡ, 30 ಡಿಗ್ರಿ ಒಳಗಿದ್ದರೆ 4 ವಾರ ನಡೆಯುತ್ತದೆ. ಇದು ಅಪ್ಪನ ಔಷಧಿಯ ಲೆಕ್ಕ. ಬೇರೆ ಇನ್ಸುಲಿನ್‌ಗಳಿಗೆ ಬೇರೆ ಲೆಕ್ಕ ಇರುತ್ತದೆ, ನಿಮ್ಮ ಚೀಟಿ ನೀವೇ ಓದಬೇಕು.

ಬರೀ ಮದುವೆಗೆ ಹೋಗಿ ಬರುವುದಾಗಿದ್ದರೆ ನಾನು ಫ್ರಿಜ್ ಹುಡುಕುತ್ತಲೇ ಇರಲಿಲ್ಲ. ಒಳ್ಳೆ ಐಸ್ ಬಾಕ್ಸ್, ಎರಡು ಜೆಲ್ ಪ್ಯಾಕ್ ಇದ್ದರೆ ಒಂದು ಹಗಲು ಸಾಕು. ಆದರೆ ಯಾತ್ರೆ ಅಂದರೆ ಊರಿಂದ ಊರಿಗೆ. ಭಕ್ತ ನಿವಾಸದ ರೂಮಿನಲ್ಲಿ ಫ್ರಿಜ್ ಎಲ್ಲಿಂದ ಬರಬೇಕು? ಜೆಲ್ ಪ್ಯಾಕ್ ಮತ್ತೆ ಗಟ್ಟಿ ಮಾಡಿಸಲು ದಿನಾ ಒಂದು ಹೋಟೆಲಿನವರ ಕಾಲು ಹಿಡಿಯಬೇಕು. "ಥರ್ಮಾಸ್‌ನ್ಯಾಗ ಐಸ್ ಹಾಕಿ ಒಯ್ದ್ರ ಮುಗೀತು" ಅಂದರು ಅಪ್ಪ. ಅಲ್ಲೇ ಇರುವುದು ಅಪಾಯ. ಐಸಿಗೆ ನೇರ ತಾಗಿದ ಕಾರ್ಟ್ರಿಜ್ ಹೆಪ್ಪುಗಟ್ಟಬಹುದು. ಬಿಸಿಲಲ್ಲಿ ಇನ್ಸುಲಿನ್ ನಿಧಾನಕ್ಕೆ ಕೆಡುತ್ತದೆ, ಐಸಿನಲ್ಲಿ ಒಂದೇ ಏಟಿಗೆ ಹೋಗುತ್ತದೆ.

ತಮ್ಮನನ್ನು ಕರೆದುಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಮೊದಲು ಕೊಂಡಿದ್ದು ಫ್ರಿಜ್ ಅಲ್ಲ, ವೈರಿನ ತುದಿಯಲ್ಲಿ ಪುಟ್ಟ ಸೆನ್ಸರ್ ಇರುವ ಡಿಜಿಟಲ್ ಥರ್ಮಾಮೀಟರ್. ಕೆಲವೇ ನೂರು ರೂಪಾಯಿ. ಅತಿ ಕಡಿಮೆ ಎಷ್ಟಕ್ಕೆ ಇಳಿಯಿತು, ಅತಿ ಜಾಸ್ತಿ ಎಷ್ಟಕ್ಕೆ ಏರಿತು ಅನ್ನುವುದನ್ನು ನೆನಪಿಟ್ಟುಕೊಳ್ಳುತ್ತದೆ. ಮಿತಿ ದಾಟಿದರೆ ಕೂಗುತ್ತದೆ. ಇಡೀ ವ್ಯವಹಾರದಲ್ಲಿ ದುಡ್ಡಿಗೆ ಸರಿಯಾದ ಬೆಲೆ ಕೊಟ್ಟದ್ದು ಇದೇ ಅಂತ ಈಗಲೂ ಹೇಳುತ್ತೇನೆ.

ಮಿನಿ ಫ್ರಿಜ್ ಅಂತ ಅಂಗಡಿಯವನು ತೆಗೆದಿಟ್ಟದ್ದು ಗುಲಾಬಿ ಬಣ್ಣದ, ಮುದ್ದಾದ ಒಂದು ಡಬ್ಬ. ಕಾರಿನ ಸಾಕೆಟ್ಟಿಗೂ ಆಗುತ್ತದೆ, ಮನೆಯ ಪ್ಲಗ್ಗಿಗೂ ಆಗುತ್ತದೆ. ಎತ್ತಿದರೆ ಭಾರವೇ ಇಲ್ಲ. "ಮೇಡಂ, ಮೆಡಿಸಿನ್‌ಗೆ ಎಲ್ಲರೂ ಇದೇ ತಗೊಂಡು ಹೋಗ್ತಾರೆ" ಅಂದ. ಆನ್ ಮಾಡಿಸಿ, ನಮ್ಮ ಸೆನ್ಸರನ್ನು ಒಳಗೆ ನೇತುಹಾಕಿ, ಎದುರಿಗೆ ಕಾಫಿ ಕುಡಿದು ಬಂದೆವು. ಬಂದು ನೋಡಿದರೆ ಡಬ್ಬದ ಡಿಸ್‌ಪ್ಲೇ 8 ಅನ್ನುತ್ತಿದೆ, ನಮ್ಮ ಥರ್ಮಾಮೀಟರ್ 17 ಅನ್ನುತ್ತಿದೆ. "ನಿಮ್ಮ ಮೀಟರ್ ಸರಿ ಇಲ್ಲ" ಅಂದ. ಸೆನ್ಸರನ್ನು ಒಳಗೋಡೆಯ ಅಲ್ಯೂಮಿನಿಯಂ ತಗಡಿಗೆ ತಾಗಿಸಿದೆ. ಸರಸರ ಇಳಿಯತೊಡಗಿತು. ಡಬ್ಬ ತನ್ನ ತಗಡು ಎಷ್ಟು ತಣ್ಣಗಿದೆ ಅಂತ ಹೇಳುತ್ತಿತ್ತು, ಅಷ್ಟೇ. ಔಷಧಿ ಇರುವುದು ತಗಡಿನಲ್ಲಲ್ಲ, ನಡುವಿನ ಜಾಗದಲ್ಲಿ.

ತಮ್ಮ ಎಲೆಕ್ಟ್ರಾನಿಕ್ಸ್ ಓದಿದವನು, ಅಲ್ಲೇ ನಿಂತು ವಿವರಿಸಿದ. ಇಂಥ ಡಬ್ಬದಲ್ಲಿ ಗ್ಯಾಸೂ ಇಲ್ಲ, ಕಂಪ್ರೆಸರೂ ಇಲ್ಲ. ಎರಡು ಬೇರೆ ಬೇರೆ ವಸ್ತುಗಳ ಜೋಡಣೆಯಲ್ಲಿ ಕರೆಂಟ್ ಹರಿಸಿದರೆ ಒಂದು ಕಡೆ ತಣ್ಣಗಾಗಿ ಇನ್ನೊಂದು ಕಡೆ ಬಿಸಿಯಾಗುತ್ತದೆ. ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡದ್ದು. ಇದರ ಮಿತಿ ಏನೆಂದರೆ, ಹೊರಗಿನ ಬಿಸಿಗಿಂತ ಹದಿನೈದೋ ಇಪ್ಪತ್ತೋ ಡಿಗ್ರಿ ಇಳಿಸಬಲ್ಲದು, ಅದಕ್ಕಿಂತ ಜಾಸ್ತಿ ಕಷ್ಟ. ಡಬ್ಬದ ಮೇಲೆಯೂ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು. ಬೆಂಗಳೂರಿನ ಎಸಿ ರೂಮಿನಲ್ಲಿ ಇದು ಫ್ರಿಜ್. ಸೇಡಂನ 42 ಡಿಗ್ರಿಯಲ್ಲಿ ಲೆಕ್ಕ ಹಾಕಿ ನೋಡಿ, 22ರ ಕೆಳಗೆ ಇಳಿಯುವುದಿಲ್ಲ.

ಇನ್ನೊಂದು ವಿಚಿತ್ರ. ಅದೇ ಡಬ್ಬದ ಹಿಂದೆ ಹಾಟ್–ಕೋಲ್ಡ್ ಅಂತ ಒಂದು ಸ್ವಿಚ್. ಕರೆಂಟ್ ಉಲ್ಟಾ ಹರಿಸಿದರೆ ಒಳಗೆ ಬಿಸಿಯಾಗುತ್ತದೆ, ಊಟ ಬೆಚ್ಚಗಿಡಲು. ಕಾರಿನ ಹಿಂದಿನ ಸೀಟಿನಲ್ಲಿ ಯಾರದೋ ಮೊಣಕೈ ತಾಗಿ ಆ ಸ್ವಿಚ್ ತಿರುಗಿದರೆ ಅಪ್ಪನ ಒಂದು ತಿಂಗಳ ಇನ್ಸುಲಿನ್ ಬೆಂದು ಹೋಗುತ್ತದೆ. ಔಷಧಿಗೆ ಅಂತ ಮಾರುವ ಪೆಟ್ಟಿಗೆಗೆ ಇಂಥ ಸ್ವಿಚ್ ಇಟ್ಟವರ ತಲೆಗೆ ಏನು ಹೇಳೋಣ?

ಉಳಿದದ್ದು ಕಂಪ್ರೆಸರ್ ಇರುವ ಕಾರ್ ಫ್ರಿಜ್. ಮನೆಯ ಫ್ರಿಜ್ಜಿನ ತಮ್ಮ. ಬೆಲೆ ಕೇಳಿದರೆ ಹದಿನೈದು ಸಾವಿರ ದಾಟಿತು. ಎತ್ತಿದರೆ ಸೊಂಟ ನೆನಪಾಗುತ್ತದೆ. ಆದರೆ ಡಿಗ್ರಿ ನಾವೇ ಹೇಳಬಹುದು, 5 ಅಂದರೆ 5ರ ಆಸುಪಾಸಿನಲ್ಲೇ ನಿಲ್ಲುತ್ತದೆ, ಹೊರಗೆ ಎಷ್ಟೇ ಸೆಕೆ ಇದ್ದರೂ ದುಡಿಯುತ್ತದೆ. ಇಂಜಿನ್ ಆಫ್ ಆದಾಗ ಕಾರಿನ ಬ್ಯಾಟರಿ ಪೂರ್ತಿ ಹೀರದಂತೆ ತಾನೇ ನಿಲ್ಲುವ ಏರ್ಪಾಟೂ ಇತ್ತು. ತಮ್ಮ ಅದನ್ನು ಮೊದಲು ನೋಡಿದ. ದಾರಿಯಲ್ಲಿ ಕಾರ್ ತಳ್ಳುವವನು ಅವನೇ ತಾನೆ! ಅರ್ಧ ಖರ್ಚು ಅವನು ಹಾಕಿದ, ಅಪ್ಪನಿಗೆ ಬೆಲೆ ಮಾತ್ರ ಐದು ಸಾವಿರ ಅಂದೆವು. ನಿಜ ಹೇಳಿದ್ದರೆ ಯಾತ್ರೆಯೇ ನಿಲ್ಲುತ್ತಿತ್ತು.

ಕಾರ್ಟ್ರಿಜ್‌ಗಳನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಕೈವಸ್ತ್ರ ಸುತ್ತಿ, ಫ್ರಿಜ್ಜಿನ ಗೋಡೆಗೆ ತಾಗದ ಹಾಗೆ ನಡುವೆ ಇಟ್ಟೆ. ಸೆನ್ಸರನ್ನು ಅದೇ ಡಬ್ಬಿಯೊಳಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದೆ. ಬಳಕೆಯ ಪೆನ್ನಿಗೆ ನೀರಲ್ಲಿ ನೆನೆಸುವ ಬಟ್ಟೆ ಚೀಲ ಕೊಂಡಿದ್ದೆ. ಒಳಗಿನ ಹರಳು ನೀರು ಕುಡಿದು ಉಬ್ಬುತ್ತದೆ, ಆ ನೀರು ಆವಿಯಾಗುತ್ತಾ ಪೆನ್ ತಂಪಾಗಿರುತ್ತದೆ. ಕರೆಂಟೇ ಬೇಡ. ಕಲಬುರಗಿಯ ಒಣ ಗಾಳಿಗೆ ಹೇಳಿ ಮಾಡಿಸಿದ ಉಪಾಯ.

ಅತ್ತೆಯ ಮನೆ ಹಳೇದು, ನೆಲಕ್ಕೆ ಶಹಾಬಾದ್ ಕಲ್ಲು, ದಪ್ಪ ಗೋಡೆ. ಪಡಸಾಲೆಯ ಮೂಲೆಯಲ್ಲಿ ಫ್ರಿಜ್ ಇಟ್ಟಿದ್ದೇ ತಡ, ಮದುವೆ ಮನೆಯ ಮಕ್ಕಳೆಲ್ಲ ಅದರ ಸುತ್ತ. ದೊಡ್ಡವರೂ ಕಡಿಮೆಯೇನಲ್ಲ. ಯಾರೋ ಮೊಸರಿನ ಗಡಿಗೆ ತಂದರು, ಯಾರೋ ಮದುಮಗಳ ಮಲ್ಲಿಗೆ ಮಾಲೆ. "ಒಂದ್ ಸ್ವಲ್ಪ ಜಾಗ ಕೊಡವ್ವ, ಹೂವ ಬಾಡ್ತಾವ" ಅಂದರು ಅತ್ತೆ. ಹೂವಿಗೆ ಇಲ್ಲ ಅನ್ನಲಾಗಲಿಲ್ಲ. ಮುಚ್ಚಳ ಪದೇ ಪದೇ ತೆಗೆಯಬೇಡಿ ಅಂತ ಬೇಡಿಕೊಂಡೆ.

ಮಧ್ಯಾಹ್ನ ಊಟದ ಪಂಕ್ತಿಯಲ್ಲಿದ್ದಾಗ ಥರ್ಮಾಮೀಟರ್ ಕೂಗಿತು. ಹೋಳಿಗೆ ಎಲೆಯಲ್ಲೇ ಬಿಟ್ಟು ಓಡಿದೆ. ಫ್ರಿಜ್ಜಿನ ಮೇಲೆ ಮೈನಸ್ 18 ಅಂತ ಸೆಟ್ ಆಗಿದೆ. ಅತ್ತೆಯ ಮೊಮ್ಮಗ ಪಕ್ಕದಲ್ಲೇ ಲೋಟ ಹಿಡಿದು ನಿಂತಿದ್ದಾನೆ. "ಏನ್ ಮಾಡಿದ್ಯೋ?" ಅಂದರೆ, "ಶರಬತ್ತಿಗೆ ಐಸ್ ಮಾಡ್ಲಾಕತ್ತೀನಿ ಅಕ್ಕಾ." ಪಾಪ, ಅವನಿಗೇನು ಗೊತ್ತು.

ನೆನಪಿನ ಗುಂಡಿ ಒತ್ತಿ ನೋಡಿದೆ. ಅತಿ ಕಡಿಮೆ 1.4. ಕಾರ್ಟ್ರಿಜ್ ಬೆಳಕಿಗೆ ಹಿಡಿದು, ಅಂಗೈಯಲ್ಲಿ ಉರುಳಿಸಿ ನೋಡಿದೆವು. ಗಂಟಿಲ್ಲ, ಹರಳಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, ಸೊನ್ನೆಗೆ ಇಳಿದಿಲ್ಲ ಅಂದಮೇಲೆ ಬಳಸಿ, ಹೊಸದು ಶುರು ಮಾಡಿದಾಗ ಶುಗರ್ ಜಾಸ್ತಿ ಸಲ ಚೆಕ್ ಮಾಡಿ ಅಂದರು. ಸೆನ್ಸರ್ ಇಲ್ಲದಿದ್ದರೆ ಎಷ್ಟಕ್ಕೆ ಇಳಿದಿತ್ತು ಅಂತ ಯಾರಿಗೆ ಗೊತ್ತಾಗುತ್ತಿತ್ತು? ಇದ್ದಬದ್ದ ಇನ್ಸುಲಿನ್ ಎಸೆದು ಔಷಧಿ ಅಂಗಡಿ ಹುಡುಕುತ್ತಾ ಅಲೆಯಬೇಕಿತ್ತು. ಅಂದು ಸಂಜೆ ತಮ್ಮ ಗುಂಡಿಗಳ ಮೇಲೆ ರಟ್ಟು ಇಟ್ಟು ಟೇಪ್ ಸುತ್ತಿದ.

ಯಾತ್ರೆಯಲ್ಲಿ ಫ್ರಿಜ್ಜಿಗಿಂತ ಕರೆಂಟಿನದೇ ಕಾಟ. ತುಳಜಾಪುರದ ಲಾಡ್ಜಿನಲ್ಲಿ ಬಾಗಿಲ ಪಕ್ಕ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕರೆಂಟ್, ಕಾರ್ಡ್ ತೆಗೆದರೆ ಎಲ್ಲ ಬಂದ್. ದರ್ಶನಕ್ಕೆ ಹೋಗುವಾಗ ಕೌಂಟರಿನಲ್ಲಿ ಹೇಳಿ ಇನ್ನೊಂದು ಕಾರ್ಡ್ ಕೇಳಿ ಪಡೆದೆವು. ಔಷಧಿಗೆ ಅಂದರೆ ಯಾರೂ ಇಲ್ಲ ಅನ್ನಲ್ಲ. ಪಂಢರಪುರದಲ್ಲಿ ಸರತಿ ಸಾಲು ಗಂಟೆಗಟ್ಟಲೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡುವ ಮಾತೇ ಇಲ್ಲ, ಆ ಭಾರವನ್ನು ಮೆಟ್ಟಿಲು ಹತ್ತಿಸಿ ರೂಮಿಗೆ ಹೊತ್ತೆವು. ವಿಠಲನಿಗಿಂತ ಮೊದಲು ತಮ್ಮನ ಬೆನ್ನಿಗೆ ದರ್ಶನವಾಯಿತು.

ಡಿಸೆಂಬರಿನಲ್ಲಿ ಅಪ್ಪನಿಗೆ ಈಗ ಧರ್ಮಸ್ಥಳ, ಉಡುಪಿ ಮನಸ್ಸಾಗಿದೆ. ರೈಲಿನಲ್ಲಿ. ಈ ಫ್ರಿಜ್ ಮನೆಯಲ್ಲೇ ಇರುತ್ತದೆ. ರೈಲಿನ ಸಾಕೆಟ್ ಇರುವುದು ಮೊಬೈಲು, ಲ್ಯಾಪ್‌ಟಾಪಿಗೆ, ಅದನ್ನು ನಂಬಿ ಇದನ್ನು ಹೊರುವುದು ಬೇಡ. ಕರಾವಳಿಯ ತೇವದ ಗಾಳಿಯಲ್ಲಿ ನೀರಿನ ಚೀಲವೂ ಅಷ್ಟಾಗಿ ಕೆಲಸ ಮಾಡಲ್ಲ. ಪೆನ್ ಹಾಗೇ ಕೈಚೀಲದಲ್ಲಿ, ಒಂದೇ ಒಂದು ಹೊಸ ಕಾರ್ಟ್ರಿಜ್ ಟವೆಲ್ ಸುತ್ತಿ ಜೆಲ್ ಪ್ಯಾಕ್ ಜೊತೆ ಐಸ್ ಬಾಕ್ಸಿನಲ್ಲಿ. ಥರ್ಮಾಮೀಟರಿನ ಸೆಲ್ ಹೊಸದು ಹಾಕಿಟ್ಟಿದ್ದೇನೆ.