ಅಡಿಕೆ ಪಟ್ಟಿಯಿಂದ ಕಾಣೆಯಾದ ಜನವರಿ

ಕಾಸರಗೋಡಿನಲ್ಲಿ ನಮ್ಮದು ನಾಲ್ಕೇ ಜನರ ಆಫೀಸು. ಅಡಿಕೆ ಅಂಗಡಿಗಳಿಗೆ ತೂಕ, ದರ, ಲೆಕ್ಕ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಂಗಡಿಗಳೇ ಜಾಸ್ತಿ. ಬೆಳೆಗಾರರ ಕೈಗೆ ಕೊಡುವ ಪಟ್ಟಿ, ಅಂದರೆ ಬಿಲ್ಲು, ಕನ್ನಡದಲ್ಲೂ ಬರಬೇಕು, ಮಲಯಾಳದಲ್ಲೂ ಬರಬೇಕು.

ಈ ಪ್ರೋಗ್ರಾಮ್ ಬರೆದದ್ದು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ವರ್ಷಗಟ್ಟಲೆ ಅದು ಜಾವಾ 8ರಲ್ಲೇ ಓಡುತ್ತಿತ್ತು. ಪ್ರೋಗ್ರಾಮನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಓಡಿಸುವ ಜಾವಾ ವೆಬ್ ಸ್ಟಾರ್ಟ್ ಇದ್ದುದರಿಂದ ಹಂಚುವ ತಲೆನೋವು ಇರಲಿಲ್ಲ. ಐಕಾನ್ ಒತ್ತಿದರೆ ಹೊಸ ಆವೃತ್ತಿ ತಾನಾಗಿ ಇಳಿಯುತ್ತಿತ್ತು. 2018ರಲ್ಲಿ ಬಂದ ಜಾವಾ 11ರಲ್ಲಿ ಅದನ್ನು ತೆಗೆದುಹಾಕಿದರು. ನಾವು ಇವತ್ತು ನಾಳೆ ಎನ್ನುತ್ತಾ ಕೂತು, ಕೊನೆಗೆ ಒಂದೇ ಸಲ ಜಾವಾ 21ಕ್ಕೆ ಹೋದೆವು.

ಈಗಿನ ಪದ್ಧತಿಯೇ ಬೇರೆ. ಅಂಗಡಿಯ ಕಂಪ್ಯೂಟರಿನಲ್ಲಿ ಜಾವಾ ಇರಬೇಕೆಂದಿಲ್ಲ. ಜಾವಾದ ಜೊತೆಗೇ ಬರುವ ಜೆಲಿಂಕ್ ಎಂಬ ಸಾಧನ ಬಳಸಿ, ನಮಗೆ ಬೇಕಾದಷ್ಟೇ ಮಾಡ್ಯೂಲುಗಳ (ಜಾವಾದ ಬಿಡಿಭಾಗಗಳ) ಚಿಕ್ಕ ರನ್‌ಟೈಮ್, ಅಂದರೆ ಪ್ರೋಗ್ರಾಮ್ ಓಡಲು ಬೇಕಾದ ಜಾವಾ, ಕಟ್ಟಬಹುದು. ಜೆಪ್ಯಾಕೇಜ್ ಎಂಬ ಇನ್ನೊಂದು ಸಾಧನ ಅದನ್ನೂ ಪ್ರೋಗ್ರಾಮನ್ನೂ ಸೇರಿಸಿ ವಿಂಡೋಸ್ ಇನ್‌ಸ್ಟಾಲರ್ ಮಾಡಿಕೊಡುತ್ತದೆ. ಯಾವ ಮಾಡ್ಯೂಲ್ ಬೇಕು ಎಂದು ಹುಡುಕಲು ಜೆಡೆಪ್ಸ್ ಇದೆ. ಅದು ಕೊಟ್ಟ ಮಾಡ್ಯೂಲುಗಳ ಹೆಸರನ್ನು ನಾನು ಹಾಗೇ ನಂಬಿದೆ. ತಪ್ಪಾದದ್ದು ಅಲ್ಲೇ.

ಪೆನ್‌ಡ್ರೈವ್ ಹಿಡಿದು ಬದಿಯಡ್ಕದ ಒಂದು ಅಂಗಡಿಗೆ ಹೋದೆ. ಹೊಸ ಚಾಲಿ (ಒಣಗಿಸಿ ಸುಲಿದ ಅಡಿಕೆ) ಬರುವ ಸಮಯ, ಜಗಲಿ ತುಂಬಾ ಗೋಣಿಚೀಲ. ಇನ್‌ಸ್ಟಾಲ್ ಮಾಡುವಾಗ ವಿಂಡೋಸಿನ ಎಚ್ಚರಿಕೆ ಬಂತು. ನಾವು ಡಿಜಿಟಲ್ ಸಹಿ ಮಾಡದ ಇನ್‌ಸ್ಟಾಲರ್ ಕೊಟ್ಟಿದ್ದೆವು, ಅದಕ್ಕೆ. ಅದನ್ನು ದಾಟಿ ಮೊದಲ ಪಟ್ಟಿ ಪ್ರಿಂಟ್ ಮಾಡಿದೆ. ಅಂಗಡಿಯ ಅಣ್ಣ ಕನ್ನಡಕ ಏರಿಸಿ ನೋಡಿದರು.

"ಎಂತ ಮಾರಾಯ್ರೆ, ನಮ್ಮ ಜನವರಿ ಎಲ್ಲಿ ಹೋಯ್ತು?"

ಪಟೋರ, ಕರಿಗೋಟು ಎಂಬ ಅಡಿಕೆಯ ದರ್ಜೆಗಳು, ತೂಕ, ದರ ಎಲ್ಲ ಕನ್ನಡದಲ್ಲೇ ಇತ್ತು. ತಿಂಗಳ ಹೆಸರು ಮಾತ್ರ ಇಂಗ್ಲಿಷಿನಲ್ಲಿ. ಮಲಯಾಳದ ಪಟ್ಟಿಯಲ್ಲೂ ಅದೇ ಕಥೆ. ಎರರ್ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ. ಆಫೀಸಿನ ನನ್ನ ಕಂಪ್ಯೂಟರಿನಲ್ಲಿ ಇದೇ ಪ್ರೋಗ್ರಾಮ್ ಸರಿಯಾಗಿ "ಜನವರಿ" ಎಂದೇ ತೋರಿಸಿತ್ತು.

ಒಂದು ಪದ ಅಲ್ವಾ, ಹೋಗಲಿ ಬಿಡಿ ಎನ್ನಬಹುದು. ನನಗೆ ಹಾಗೆ ಅನಿಸಲಿಲ್ಲ. 1956ರಲ್ಲಿ ಕೇರಳಕ್ಕೆ ಸೇರಿದ ಊರು ನಮ್ಮದು. ಇಲ್ಲಿ ಕನ್ನಡದ ಕಾಗದ ಸಿಗುವ ಜಾಗಗಳೇ ಕಡಿಮೆ. ಅಡಿಕೆ ಪಟ್ಟಿ ಅಂಥ ಒಂದು ಕಾಗದ.

ಕಾರಣ ಸಿಗಲು ಎರಡು ದಿನ ಬೇಕಾಯಿತು. ಹಿಂದೆ ಕನ್ನಡದ ತಿಂಗಳ ಹೆಸರುಗಳನ್ನು ಕೋಡಿನಲ್ಲಿ ನಾವೇ ಬರೆದಿಟ್ಟಿದ್ದೆವು. ಜಾವಾ 9ರಿಂದ ಸಿಎಲ್‌ಡಿಆರ್ ಎಂಬ ಭಾಷಾ ದತ್ತಾಂಶವನ್ನೇ ಜಾವಾ ಮೊದಲು ನೋಡುತ್ತದೆ. ಅದರಲ್ಲಿ ಕನ್ನಡ ಇದೆ. ಹಾಗಾಗಿ ಅಪ್‌ಗ್ರೇಡ್ ಮಾಡುವಾಗ ನಾವು ಬರೆದಿಟ್ಟ ಹೆಸರುಗಳನ್ನು ಅಳಿಸಿದ್ದೆ. ಆದರೆ ಇಂಗ್ಲಿಷ್ ಬಿಟ್ಟು ಉಳಿದ ಭಾಷೆಗಳು ಲೊಕೇಲ್‌ಡೇಟಾ ಎಂಬ ಪ್ರತ್ಯೇಕ ಮಾಡ್ಯೂಲಿನಲ್ಲಿವೆ. ಕೋಡು ಅದನ್ನು ನೇರವಾಗಿ ಹೆಸರಿಸುವುದಿಲ್ಲ, ಓಡುವಾಗ ಜಾವಾ ತಾನೇ ಹುಡುಕಿಕೊಳ್ಳುತ್ತದೆ. ಜೆಡೆಪ್ಸ್ ಕಣ್ಣಿಗೆ ಅದು ಬೀಳುವುದೇ ಇಲ್ಲ. ಸಿಗದಿದ್ದರೆ ಜಾವಾ ಸುಮ್ನೆ ಇಂಗ್ಲಿಷಿಗೆ ಇಳಿಯುತ್ತದೆ. ನನ್ನ ಕಂಪ್ಯೂಟರಿನಲ್ಲಿ ಇಡೀ ಜೆಡಿಕೆ (ಎಲ್ಲ ಮಾಡ್ಯೂಲೂ ಇರುವ ಪೂರ್ತಿ ಜಾವಾ) ಇತ್ತು, ಅದಕ್ಕೇ ಈ ತಪ್ಪು ಅಲ್ಲಿ ಕಾಣಲಿಲ್ಲ.

ಜೆಲಿಂಕ್ ಆಜ್ಞೆಗೆ ಆ ಮಾಡ್ಯೂಲ್ ಸೇರಿಸಿದೆ. ಎಲ್ಲ ಭಾಷೆ ಹಾಕಿದರೆ ರನ್‌ಟೈಮ್ ದಪ್ಪವಾಗುತ್ತದೆ. ಅದಕ್ಕೆ ಭಾಷೆ ಆರಿಸುವ ಇನ್‌ಕ್ಲೂಡ್-ಲೊಕೇಲ್ಸ್ ಆಯ್ಕೆಯಲ್ಲಿ ಇಂಗ್ಲಿಷ್, ಕನ್ನಡ, ಮಲಯಾಳ ಮಾತ್ರ ಕೊಟ್ಟೆ. ಇನ್ನೊಂದು ತೊಂದರೆಯೂ ಇತ್ತು: ಪ್ರೋಗ್ರಾಮಿನಿಂದ ಸರ್ವರಿಗೆ ಸುರಕ್ಷಿತ ಸಂಪರ್ಕ ಸಿಗುತ್ತಿರಲಿಲ್ಲ. ಅದಕ್ಕೂ ಇಂಥದೇ ಕಾರಣ. ಜಾವಾ 21ರಲ್ಲಿ ಗೂಢಲಿಪಿಯ ಕೆಲಸ ಮಾಡುವ ಕ್ರಿಪ್ಟೋ ಇಸಿ ಮಾಡ್ಯೂಲನ್ನೂ ಕೈಯಾರೆ ಸೇರಿಸಬೇಕು.

ಇನ್ನೊಂದು. ಹೊಸ ಆವೃತ್ತಿ ಹಳೆಯದರದ್ದೇ ಎಂದು ವಿಂಡೋಸ್ ಗುರುತಿಸುವ ಸಂಕೇತವಾದ ಅಪ್‌ಗ್ರೇಡ್ ಯುಯುಐಡಿಯನ್ನು ಮೊದಲೇ ನಿಗದಿ ಮಾಡಿ ಇಟ್ಟುಕೊಳ್ಳಿ. ನಾವು ಅದನ್ನು ಕೊಡದೆ ನಡುವೆ ಪ್ರೋಗ್ರಾಮಿನ ಹೆಸರು ಬದಲಿಸಿದೆವು. ಒಂದು ಅಂಗಡಿಯಲ್ಲಿ ಹಳೆಯದೂ ಹೊಸದೂ ಅಕ್ಕಪಕ್ಕ ಕೂತು, ಬೆಳಗ್ಗಿನ ಲೆಕ್ಕ ಒಂದರಲ್ಲಿ, ಸಂಜೆಯದು ಇನ್ನೊಂದರಲ್ಲಿ ಆಯಿತು.

ಈಗ ಆಫೀಸಿನ ಮೂಲೆಯಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇಟ್ಟಿದ್ದೇವೆ. ಅದರಲ್ಲಿ ಜಾವಾ ಇಲ್ಲ, ಅಡ್ಮಿನ್ ಅಧಿಕಾರವೂ ಇಲ್ಲ. ಪ್ರತಿ ಇನ್‌ಸ್ಟಾಲರನ್ನೂ ಮೊದಲು ಅದರಲ್ಲಿ ಹಾಕುತ್ತೇವೆ. ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಪಟ್ಟಿ ಕನ್ನಡದಲ್ಲಿ, ಹನ್ನೆರಡು ಮಲಯಾಳದಲ್ಲಿ ಪ್ರಿಂಟ್ ತೆಗೆದು ನೋಡುತ್ತೇವೆ. ಆಮೇಲೆ ಪೆನ್‌ಡ್ರೈವ್ ಬದಿಯಡ್ಕದ ಬಸ್ಸು ಹತ್ತುತ್ತದೆ.